ಎಡಗಡೆಗೆ ಚೆಂಡು ಕೊಡದವರು

ಕಡೂರು ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಔಷಧಿ ಅಂಗಡಿ ಇದೆ. ಅಂಥ ಜಾಗದಲ್ಲಿ ಕೂತವನಿಗೆ ಊರಿನ ಅರ್ಧ ಜನರ ನಡಿಗೆ ಗೊತ್ತಿರುತ್ತದೆ, ಇನ್ನರ್ಧ ಜನರ ಕಾಯಿಲೆ ಗೊತ್ತಿರುತ್ತದೆ. ನಮ್ಮ ಫುಟ್‌ಬಾಲಣ್ಣನ ವಿಷಯದಲ್ಲಿ ನನಗೆ ಎರಡೂ ಗೊತ್ತಿದ್ದವು. ರಸ್ತೆ ದಾಟುವ ಮೊದಲು ಎಲ್ಲರೂ ಅತ್ತ ಇತ್ತ ನೋಡುತ್ತಾರೆ. ಅವರು ದಾಟಿದ ಮೇಲೆ ನೋಡುತ್ತಿದ್ದರು. ಅಂಗಡಿಯ ಮೆಟ್ಟಿಲಿಗೆ ಒಂದು ಕಾಲಿಟ್ಟು, ಎಡ ಭುಜದ ಮೇಲಿಂದ ಹಿಂದಕ್ಕೊಮ್ಮೆ ಕಣ್ಣು ಹಾಯಿಸಿ, ಆಮೇಲೆ ಒಳಗೆ ಬರುವುದು. ಡಾಕ್ಟರ ಚೀಟಿ ಕೊಟ್ಟು ಮತ್ತೊಮ್ಮೆ ಹಿಂದಕ್ಕೆ ನೋಡುವುದು. ಮೊದಮೊದಲು ನಾನೂ ಅವರ ಜೊತೆಗೆ ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಅಲ್ಲಿ ತರೀಕೆರೆ ಬಸ್ಸು, ಸೌತೆಕಾಯಿ ಗಾಡಿ, ಬೀಡಾಡಿ ದನ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ನನ್ನ ಹೆಂಡತಿಗೆ ಇದರ ಬಗ್ಗೆ ಸಂಶಯವೇ ಇರಲಿಲ್ಲ. "ಅವರ ಬೆನ್ನಿಗೆ ಯಾರೋ ಬಿದ್ದವ್ರೆ ಕಣ್ರೀ. ನೀವ್ ಕೊಡೋ ಮಾತ್ರೆಗೆ ಅದು ಜಗ್ಗಲ್ಲ," ಎಂದು ಎಲ್ಲಿಂದಲೋ ಒಂದು ತಾಯತ ಮಾಡಿಸಿಕೊಂಡು ಬಂದಳು. ಔಷಧಿ ಮಾರುವವನು ತಾಯತ ಕೊಡುವುದೆಂದರೆ ಹೇಗಿರುತ್ತದೆ, ಯೋಚಿಸಿ. ಒಂದು ವಾರ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದು ಕಡೆಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದ್ಯಾವ ಕಂಪನೀದೋ? ಊಟಕ್ ಮುಂಚೇನೋ ಆಮೇಲೋ?" ಎಂದರು. ಆದರೆ ನಗಲಿಲ್ಲ. ಅಲ್ಲೇ ನಿಂತು ತೋಳಿಗೆ ಕಟ್ಟಿಸಿಕೊಂಡರು.

ಊರಿನಲ್ಲಿ ಎಲ್ಲರಿಗೂ ಅವರು ಫುಟ್‌ಬಾಲಣ್ಣ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ತಲೆತಲಾಂತರದಿಂದ ಕೊಬ್ಬರಿ ವ್ಯಾಪಾರ ಮಾಡಿಕೊಂಡು, ಮಠಕ್ಕೆ ನಡೆದುಕೊಂಡು ಬಂದ ಮನೆತನ. ಓದಲಿ ಎಂದು ಭದ್ರಾವತಿಯ ಸೋದರಮಾವನ ಮನೆಯಲ್ಲಿ ಬಿಟ್ಟರೆ ಹುಡುಗ ಕಾರ್ಖಾನೆಯವರ ಮೈದಾನದಲ್ಲಿ ಚೆಂಡು ಒದೆಯುವುದನ್ನು ಕಲಿತ. ಅಲ್ಲಿಂದ ಬೆಂಗಳೂರಿನ ಒಂದು ಕಾರ್ಖಾನೆ ತಂಡ, ಆಮೇಲೆ ಗೋವಾ, ಕೋಲ್ಕತ್ತಾ, ಮತ್ತೆ ಗೋವಾ. ನಲವತ್ತು ಹತ್ತಿರ ಬರುವವರೆಗೂ ಅದೇ ಅವರ ಅನ್ನ. ಅಪ್ಪ ಸಾಯುವವರೆಗೂ ಊರಿನವರ ಎದುರು, "ನಮ್ಮೋನು ಬೆಂಗ್ಳೂರಲ್ಲಿ ಕಾರ್ಖಾನೆ ಕೆಲ್ಸದಲ್ಲಿದಾನೆ" ಎಂದೇ ಹೇಳುತ್ತಿದ್ದರಂತೆ. ಆಟವಾಡಿ ಸಂಬಳ ತೆಗೆದುಕೊಳ್ಳುತ್ತಾನೆ ಎನ್ನುವುದಕ್ಕೆ ಆ ತಕ್ಕಡಿ ಹಿಡಿದ ಮನುಷ್ಯನಿಗೆ ನಾಚಿಕೆಯಾಗುತ್ತಿತ್ತು.

ನಾನು ಕ್ರಿಕೆಟ್ಟಿನವನು. ಫುಟ್‌ಬಾಲೆಂದರೆ ಇಪ್ಪತ್ತೆರಡು ಜನ ಒಂದು ಚೆಂಡಿಗಾಗಿ ಬಡಿದಾಡುವುದು ಎಂದಷ್ಟೇ ತಿಳಿದವನು. ಅವರು ಅಂಗಡಿಯ ಬೆಂಚಿನ ಮೇಲೆ ಮಂಡಿಗೆ ಮುಲಾಮು ಉಜ್ಜಿಕೊಳ್ಳುತ್ತಾ ಕೂತಿದ್ದಾಗ, "ಅಲ್ಲ ಅಣ್ಣ, ಅಷ್ಟು ವರ್ಷ ಆಡಿದೀರಿ, ಎಷ್ಟ್ ಗೋಲ್ ಹೊಡ್ದಿದೀರಿ?" ಎಂದು ಕೆಣಕುತ್ತಿದ್ದೆ.

"ನಾನ್ಯಾಕೋ ಗೋಲ್ ಹೊಡೀಲಿ? ನಾನು ಮಧ್ಯದಲ್ಲಿ ಆಡೋನು. ಬೀರೂರು ಜಂಕ್ಷನ್ ಇದ್ದಂಗೆ ಕಣೋ ನಾನು. ಬೀರೂರಿಗೆ ಅಂತ ಟಿಕೇಟ್ ತಗಂಡು ಯಾರ್ ಬತ್ತಾರೆ ಹೇಳು? ಆದ್ರೆ ಬೀರೂರ್ ಇಲ್ದಂಗೆ ಶಿವಮೊಗ್ಗಕ್ಕೆ ಹೋಗು ನೋಡಣ, ಹುಬ್ಬಳ್ಳಿಗೆ ಹೋಗು ನೋಡಣ."

ಆ ಹಿಂದಕ್ಕೆ ನೋಡುವ ಚಾಳಿಯ ಬಗ್ಗೆ ಕೇಳಿದಾಗಲೂ ಹೀಗೇ ಕಸುಬಿನ ಉತ್ತರ ಕೊಟ್ಟರು. ಮಧ್ಯದಲ್ಲಿ ಆಡುವವನ ಸುತ್ತಲೂ ಶತ್ರುಗಳು. ಚೆಂಡು ಕಾಲಿಗೆ ಬರುವ ಮೊದಲೇ ಹಿಂದೆ ಯಾರಿದ್ದಾರೆ, ಪಕ್ಕದಲ್ಲಿ ಯಾರಿಲ್ಲ ಎಂದು ನೋಡಿಕೊಂಡಿರಬೇಕು. ಬಂದ ಮೇಲೆ ನೋಡುತ್ತೇನೆಂದರೆ ಕಾಲು ಮುರಿಯುತ್ತಾರೆ. "ಅದು ಅಂಟ್ಕಂಡ್ಬಿಟ್ಟದೆ ಕಣೋ. ಮಂಟಪದಲ್ಲಿ ತಾಳಿ ಕಟ್ಟೋವಾಗ್ಲೂ ಹಿಂದೆ ನೋಡಿದ್ನಂತೆ. ಮಾವನೋರು ಹುಡುಗ ಓಡೋಯ್ತಾನೇನೋ ಅಂತ ಹೆದ್ರಿಬಿಟ್ರು." ನನಗೆ ಆ ಉತ್ತರ ಹಿಡಿಸಿತು. ಮನೆಗೆ ಹೋಗಿ ಹೆಂಡತಿಗೆ ದೊಡ್ಡದಾಗಿ ವಿವರಿಸಿ, ದೆವ್ವವೂ ಇಲ್ಲ ಗಿವ್ವವೂ ಇಲ್ಲ ಎಂದೆ. ಅವಳು, "ಹಂಗಾದ್ರೆ ಬಲಗಡೆ ಯಾಕ್ ನೋಡಲ್ಲ?" ಎಂದಳು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಟೀವಿಯಲ್ಲಿ ಆಟ ನೋಡುವಾಗ ಅವರು ಚೆಂಡು ನೋಡುತ್ತಿರಲಿಲ್ಲ. ವಿಶ್ವಕಪ್ಪು ನಡೆಯುವಾಗ ಅಂಗಡಿಯ ಪುಟ್ಟ ಟೀವಿಯ ಮುಂದೆ ಕೂರುತ್ತಿದ್ದರು. ಎಲ್ಲರೂ ಚೆಂಡಿನ ಹಿಂದೆ ಓಡುವಾಗ ಇವರು ಮೂಲೆಯಲ್ಲಿ ಸುಮ್ಮನೆ ನಡೆಯುತ್ತಿದ್ದ ಯಾವನನ್ನೋ ತೋರಿಸಿ, "ಅವನ್ನ ನೋಡ್ತಾ ಇರು," ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಚೆಂಡು ಅವನ ಬಳಿಗೇ ಬರುತ್ತಿತ್ತು. ಅಂಗಡಿಗೆ ಬರುವಾಗಲೂ ಅವರು ಬಸ್ ಸ್ಟ್ಯಾಂಡಿನ ಸಂತೆಯಂಥ ಜನಜಂಗುಳಿಯಲ್ಲಿ ಒಬ್ಬರ ಮೈಗೂ ಮೈ ತಾಗಿಸದೆ ನಡೆದು ಬರುತ್ತಿದ್ದರು. ಆ ಕೆಟ್ಟ ಮಂಡಿ ಇಟ್ಟುಕೊಂಡು ಹೇಗೆ ಬರುತ್ತಾರಪ್ಪಾ ಎಂದು ನೋಡುವುದೇ ನನಗೊಂದು ಸಂತೋಷ. ಫೋಟೋ ಮಾತ್ರ ಒಂದೂ ಇರಲಿಲ್ಲ. "ಫೋಟೋದೋರೆಲ್ಲ ಗೋಲ್ ಹಿಂದೆ ಕೂತಿರ್ತಾರೆ. ನಾನು ಆ ಕಡೆ ಹೋಗೋನೇ ಅಲ್ಲ," ಎನ್ನುತ್ತಿದ್ದರು.

ಅವರ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಮೇಡಂ ಆಗಿದ್ದವರು, ಮಾತು ಕಡಿಮೆ. ಒಂದು ಸಲ ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದವರು ನಾನು ಏನೂ ಕೇಳದೆ ಇದ್ದರೂ ಹೇಳಿದರು: "ಮದ್ವೆ ಆದಾಗ್ಲಿಂದ ಇವರ ಜೊತೇಲಿ ನಡ್ದಿದೀನಿ. ಒಂದಿನಾನೂ ಎಡಗಡೆ ನಡೆಯೋಕೆ ಬಿಟ್ಟಿಲ್ಲ. ಮೊದ್ಲೆಲ್ಲ ಗಾಡಿ ಬತ್ತವಲ್ಲ, ಅದ್ಕೆ ಅಂದ್ಕೊಂಡಿದ್ದೆ. ಮನೆ ಒಳಗೂ ಹಂಗೇ ಕಣ್ರೀ." ಆ ಮಾತು ಕೇಳಿ ನಾನು ಚಿಲ್ಲರೆ ಎಣಿಸುವವನಂತೆ ತಲೆ ತಗ್ಗಿಸಿದೆ.

ಅವರು ತಿಂಗಳಿಗೊಮ್ಮೆ ತಮ್ಮ ಮುಲಾಮಿನ ಜೊತೆಗೆ ಬೇರೊಬ್ಬರ ಬೀಪಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಚೀಟಿಯ ಮೇಲೆ ಗಂಗಮ್ಮ ಎಂದಿತ್ತು. ಅದನ್ನು ಹಿಡಿದು ಪ್ಯಾಸೆಂಜರ್ ರೈಲು ಹತ್ತಿ ಅಜ್ಜಂಪುರಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಯಾವುದೋ ಹಳ್ಳಿಗೆ ಹೋಗಿ ಬರುತ್ತಿದ್ದರು. "ನಿಮಗೇನಾಗಬೇಕು ಅಣ್ಣ?" ಎಂದು ಕೇಳಿದರೆ, "ಅವ್ವ," ಎಂದರು. ಅವರ ತಾಯಿ ತೀರಿಕೊಂಡಾಗ ನಾನೇ ಮಣ್ಣಿಗೆ ಹೋಗಿದ್ದೆ. ಆದರೂ ಮತ್ತೆ ಕೇಳಲಿಲ್ಲ.

ಇದೆಲ್ಲ ಬಿಚ್ಚಿಕೊಂಡದ್ದು ತರೀಕೆರೆಯಲ್ಲಿ ಹಳೆಯ ಆಟಗಾರರದೊಂದು ಪಂದ್ಯ ನಡೆದ ದಿನ. ಬಾ ಎಂದು ನನ್ನನ್ನೂ ಎಳೆದುಕೊಂಡು ಹೋದರು. ಹೊಟ್ಟೆ ಬಂದವರು, ಕೂದಲು ಹೋದವರು, ಎಲ್ಲ ಸೇರಿ ಹೈಸ್ಕೂಲು ಮೈದಾನದಲ್ಲಿ ಏದುಸಿರು ಬಿಡುತ್ತಾ ಆಡಿದರು. ಇವರೊಬ್ಬರು ಮಾತ್ರ ಓಡಲೇ ಇಲ್ಲ. ನಿಂತ ಜಾಗದಲ್ಲೇ ನಿಂತು, ಚೆಂಡು ಬಂದ ತಕ್ಷಣ ಮೆಲ್ಲನೆ ತಟ್ಟಿ ಕಳಿಸುತ್ತಿದ್ದರು. ಅದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತಿತ್ತು. ಫುಟ್‌ಬಾಲಿನ ಗಂಧ ಗಾಳಿ ಇಲ್ಲದ ನನಗೂ ಅದು ಕಂಡಿತು. ಇನ್ನೊಂದೂ ಕಂಡಿತು. ಚೆಂಡು ಯಾವಾಗಲೂ ಬಲಕ್ಕೇ ಹೋಗುತ್ತಿತ್ತು. ಎಡಗಡೆ ಒಬ್ಬ ಬ್ಯಾಂಕಿನವನಿದ್ದ, ಪಾಪ, "ಅಣ್ಣ, ಇಲ್ಲಿ! ಅಣ್ಣ, ಖಾಲಿ ಇದೀನಿ!" ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ. ಇವರು ಅತ್ತ ತಿರುಗಿ ನೋಡುತ್ತಿದ್ದರು, ನೋಡಿ ಬಲಕ್ಕೆ ಕೊಡುತ್ತಿದ್ದರು. ಆಟ ಮುಗಿದ ಮೇಲೆ ಆ ಬ್ಯಾಂಕಿನವನು ನೇರ ಬಂದು, "ನಾನೇನ್ ಮೈದಾನದಲ್ಲಿ ಹುಲ್ಲು ಕೀಳಾಕ್ ಬಂದಿದ್ನೇನ್ರೀ?" ಎಂದು ಜಗಳಕ್ಕೇ ನಿಂತ. ಇವರು ಕೈಮುಗಿದರು.

ವಾಪಸು ಬರುವಾಗ ಬೀರೂರಿನಲ್ಲಿ ರೈಲು ಕ್ರಾಸಿಂಗಿಗೆಂದು ನಿಂತಿತು. ಇಬ್ಬರೂ ಇಳಿದು ಪ್ಲಾಟ್‌ಫಾರ್ಮಿನಲ್ಲಿ ಟೀ ಕುಡಿದೆವು. ನಾನು ತಮಾಷೆಗೆ, "ಎಡಗಡೆ ಏನ್ ಬಾವಿ ಐತಾ ಅಣ್ಣ?" ಎಂದೆ.

"ಗೋವಾದಲ್ಲಿ ಒಬ್ಬ ಕೋಚೂ ಇದೇ ಕೇಳಿದ್ದ," ಎಂದು ಅವರು ಲೋಟ ಕೆಳಗಿಟ್ಟರು. "ಎದುರು ಟೀಮಿನೋರಿಗೂ ಗೊತ್ತಾಗೋಯ್ತು ಕಣೋ. ಇವನು ಎಡಕ್ಕೆ ಕೊಡಲ್ಲ, ಬಲಗಡೆ ಮುಚ್ಚಿದ್ರೆ ಮುಗೀತು ಅಂತ. ನನ್ನ ಅರ್ಧ ಆಟ ಅಲ್ಲಿಗೇ ಸತ್ತೋಯ್ತು. ಇನ್ನರ್ಧ ಇಟ್ಕಂಡೇ ಅಷ್ಟ್ ವರ್ಷ ಆಡ್ದೆ."

ಅದಕ್ಕೂ ಮುಂಚೆ, ಬೆಂಗಳೂರಿನ ತಂಡದಲ್ಲಿ ಎಡಗಡೆ ಆಡುತ್ತಿದ್ದವನು ಮಲ್ಲೇಶಿ, ಅಜ್ಜಂಪುರದ ಹತ್ತಿರದ ಹಳ್ಳಿಯವನು. ಇವರಿಗಿಂತ ಚಿಕ್ಕವನು. ಬೆಂಗಳೂರಿಗೆ ಕರೆದುಕೊಂಡು ಹೋಗಿ ತಂಡಕ್ಕೆ ಸೇರಿಸಿದವರು ಇವರೇ. ಒಂದೇ ರೂಮಿನಲ್ಲಿ ವರ್ಷಗಟ್ಟಲೆ ಇದ್ದರು. ಆಟದಲ್ಲಿ ಇವರು ಎಡಕ್ಕೆ ನೋಡುತ್ತಲೇ ಇರಲಿಲ್ಲವಂತೆ. ಖಾಲಿ ಜಾಗಕ್ಕೆ ಚೆಂಡು ಕಳಿಸಿದರೆ ಅದು ಅಲ್ಲಿಗೆ ಮುಟ್ಟುವುದರೊಳಗೆ ಮಲ್ಲೇಶಿ ಅಲ್ಲಿರುತ್ತಿದ್ದ. "ಕಣ್ಣು ಮುಚ್ಕಂಡು ಕೊಡ್ತಿದ್ದೆ," ಎಂದರು. ಕೇರಳದ ಒಂದು ಊರಿನಲ್ಲಿ ಟೂರ್ನಮೆಂಟಿನ ಕೊನೆಯ ಪಂದ್ಯ. ಮೈದಾನಕ್ಕೆ ಇಳಿಯುವ ಮುಂಚೆ ಬೂಟಿನ ದಾರ ಕಟ್ಟಿಕೊಳ್ಳುತ್ತಾ ಮಲ್ಲೇಶಿ ಇವರ ಕಿವಿಯಲ್ಲಿ ಹೇಳಿದ:

"ಅಣ್ಣ, ಈವತ್ತು ನಂಗೆ ಬಾಲ್ ಬ್ಯಾಡ. ಎದೆ ಹಿಡ್ದಂಗ್ ಆಗ್ತೈತೆ. ಕೋಚಿಗೆ ಹೇಳ್ಬ್ಯಾಡ, ಮುಂದಿನ್ ವರ್ಷ ಕಾಂಟ್ರ್ಯಾಕ್ಟ್ ಕೊಡಲ್ಲ ಅವ್ನು. ನಾನ್ ಸುಮ್ನೆ ನಿಂತಿರ್ತೀನಿ. ನೀನು ಬಲಗಡೇಲೇ ಆಡ್ಸು."

ಇವರು ಆಯಿತು ಎಂದರು. ಮಧ್ಯದಲ್ಲಿ ಆಡುವವನು ಮನಸ್ಸು ಮಾಡಿದರೆ ತನ್ನ ತಂಡದ ಒಬ್ಬನನ್ನು ಇಡೀ ಆಟದಲ್ಲಿ ಬಚ್ಚಿಡಬಹುದಂತೆ. ಚೆಂಡು ಅವನ ಕಡೆ ಹೋಗದಂತೆ ನೋಡಿಕೊಂಡರೆ ಸಾಕು, ನೋಡುವವರಿಗೆ ಅವನೂ ಆಡುತ್ತಿದ್ದಾನೆ ಅನ್ನಿಸುತ್ತದೆ. ಕುಂಟುವವರನ್ನು, ಜ್ವರ ಬಂದವರನ್ನು ಹಾಗೆ ಎಷ್ಟೋ ಸಲ ಬಚ್ಚಿಟ್ಟಿದ್ದರು. ಆಟಗಾರರಲ್ಲಿ ಅದೊಂದು ನಡವಳಿಕೆ, ಇವತ್ತು ನಿನ್ನದು, ನಾಳೆ ನನ್ನದು. ಆವತ್ತೂ ಹೆಚ್ಚುಕಡಿಮೆ ಕೊನೆಯವರೆಗೆ ಬಚ್ಚಿಟ್ಟರು. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಚೆಂಡು ಇವರ ಕಾಲಿಗೆ ಬಂತು. ಬಲಗಡೆ ಮೂರು ಜನ ಅಡ್ಡ. ಎಡಗಡೆ ಇಡೀ ಮೈದಾನ ಖಾಲಿ.

"ತಲೆ ಬ್ಯಾಡ ಅಂತು. ಕಾಲು ಕೇಳ್ಲಿಲ್ಲ ಕಣೋ. ಅಷ್ಟ್ ವರ್ಷದಿಂದ ಕೊಟ್ಟಿದ್ ಕಾಲು ಅದು. ಕೊಟ್ಬಿಡ್ತು."

ಮಲ್ಲೇಶಿ ಓಡಿದ. ಅವನಿಗೂ ಅಭ್ಯಾಸ. ಗೆರೆಯ ತುದಿಯವರೆಗೆ ಓಡಿ ಚೆಂಡನ್ನು ಗೋಲಿನ ಮುಂದಕ್ಕೆ ತಿರುಗಿಸಿದ, ಯಾರೋ ತಲೆ ಕೊಟ್ಟು ಒಳಗೆ ಹಾಕಿದರು. ಜನ ಹುಚ್ಚೆದ್ದು ಕೂಗಿದರು. ಗೋಲು ಹೊಡೆದವನ ಮೇಲೆ ಎಲ್ಲರೂ ಬಿದ್ದರು. ಇವರೂ ಓಡಿಹೋಗಿ ಬಿದ್ದು ಕುಣಿದರು. ಎದುರು ತಂಡದ ಗೋಲ್‌ಕೀಪರು ಇವರ ಅಂಗಿ ಹಿಡಿದು ಎಳೆದು, ಹಿಂದೆ ನೋಡು ಎಂದು ಕೈ ತೋರಿಸಿದನಂತೆ.

"ನಾವು ಕುಣೀತಿದ್ದಾಗ ಅವನು ಅಲ್ಲಿ ಬಿದ್ದಿದ್ದ. ಎಷ್ಟೊತ್ತಿಂದ ಬಿದ್ದಿದ್ನೋ. ನಾನ್ ಹಿಂದೆ ನೋಡ್ಲೇ ಇಲ್ಲ. ಜೀವಮಾನ ಎಲ್ಲ ಹಿಂದೆ ನೋಡಿ ನೋಡಿ ಅನ್ನ ತಿಂದೋನು, ಅವತ್ ನೋಡ್ಲಿಲ್ಲ."

ಎದುರಿನ ಗಾಡಿ ಹೋಯಿತು, ನಮ್ಮ ರೈಲು ಕೂಗಿತು. ನಾವು ಹತ್ತಿ ಕೂತೆವು. ಕಿಟಕಿ ಪಕ್ಕದಲ್ಲಿ ಜಾಗ ಇತ್ತು, ಅವರು ಅಲ್ಲಿ ಕೂರಲಿಲ್ಲ. ತಮ್ಮ ಎಡಕ್ಕೆ ಅಷ್ಟು ಜಾಗ ಬಿಟ್ಟು ಕೂತರು. ನನಗೆ ಹೆಂಡತಿಯ ತಾಯತ ನೆನಪಾಯಿತು. ಅವಳು ಹೇಳಿದ್ದೇ ಸರಿಯಾಗಿತ್ತಲ್ಲ, ಅವರ ಬೆನ್ನಿಗೆ ಒಬ್ಬ ಇದ್ದ.

ಗಂಗಮ್ಮ ಮಲ್ಲೇಶಿಯ ತಾಯಿ, ಹಳ್ಳಿಯವರಿಗೆ ಗಂಗವ್ವ. ಮಗನ ಹೆಣ ತಂದುಕೊಟ್ಟವರು ಇವರೇ, ಅಲ್ಲಿಂದ ಆ ಮನೆಗೆ ಮಗನಂತೆ ನಡೆದುಕೊಂಡರು. ಇವರು ಕೊಟ್ಟ ಚೆಂಡು ಆಡ್ತಾ ಆಡ್ತಾ ಹೋದ ಎಂದಷ್ಟೇ ಆಕೆಗೆ ಗೊತ್ತು. ಮಗ ಬೇಡ ಎಂದಿದ್ದರೂ ಇವರು ಕೊಟ್ಟರು ಎಂಬುದು ಗೊತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು. ಇವರು ಹೋದಾಗಲೆಲ್ಲ ಆಕೆ ಅಕ್ಕಪಕ್ಕದವರನ್ನು ಕರೆದು, "ನಮ್ಮ ಮಲ್ಲೇಶಿಗೆ ಕೊನೇ ಬಾಲ್ ಕೊಟ್ಟ ಪುಣ್ಯಾತ್ಮ ಇವ್ನೇ," ಎಂದು ಹೇಳಿ, "ನಿನ್ನ ಕಾಲು ತಣ್ಣಗಿರ್ಲಿ ಮಗ," ಎಂದು ಹರಸುತ್ತಿದ್ದರಂತೆ. ಹೊಟ್ಟೆ ತಣ್ಣಗಿರಲಿ ಎನ್ನುವುದು ವಾಡಿಕೆ. ಈಕೆ ಇವರಿಗಾಗಿ ಕಾಲು ಎಂದು ಬದಲಾಯಿಸಿಕೊಂಡಿದ್ದರು. ಪ್ರತಿ ತಿಂಗಳೂ ಆ ಹರಕೆ ಕೇಳಿಸಿಕೊಂಡು ಬರುವುದು ಎಂಥ ಶಿಕ್ಷೆ!

ಎರಡು ವರ್ಷದ ಹಿಂದೆ ಅವರ ಚೀಟಿ ಬದಲಾಯಿತು. ಮುಲಾಮು, ನೋವಿನ ಮಾತ್ರೆ ಹೋಗಿ ಹೃದಯದ ಮಾತ್ರೆಗಳು ಬಂದವು. ಓದಿದ ತಕ್ಷಣ ನನಗೆ ತಿಳಿಯಿತು. ನನಗೆ ತಿಳಿಯಿತು ಎಂದು ಅವರಿಗೂ ತಿಳಿಯಿತು. ಕೌಂಟರಿನ ಮೇಲೆ ಎರಡೂ ಕೈ ಊರಿ, "ಅವ್ವನಿಗೆ ಹೇಳ್ಬಿಡ್ತೀನಿ ಕಣೋ," ಎಂದರು.

ನನಗೆ ಸಿಟ್ಟೇ ಬಂತು. "ಯಾಕಣ್ಣ? ಎಂಬತ್ತು ದಾಟಿರೋ ಮುದುಕಿ. ನೆಮ್ಮದಿಯಾಗಿದೆ. ನಿಮ್ಮ ಭಾರ ಇಳ್ಸೋಕೆ ಅವರ ತಲೆ ಮೇಲೆ ಹಾಕ್ತೀರಾ?"

"ಹಂಗಂತೀಯಾ?"

"ಹಂಗೇ ಅಂತೀನಿ."

ಅವರು ಚೀಟಿಯನ್ನು ಮಡಿಸಿ ಜೇಬಿಗಿಟ್ಟರು. "ಅವ್ಳು ನನ್ನ ಮಗ ಅಂತಾಳೆ ಕಣೋ. ನಾನ್ ಸತ್ರೆ ಅಳ್ತಾಳೆ. ಗೊತ್ತಿಲ್ದೆ ಅಳೋದು ಬ್ಯಾಡ. ಗೊತ್ತಿದ್ದು ಅಳ್ಲಿ, ಇಲ್ಲಾಂದ್ರೆ ಉಗೀಲಿ." ನಾನು ಸೋತವನಂತೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ನನ್ನ ಹಳೆಯ ಕಾರು ತೆಗೆದೆ. ಒಬ್ಬರನ್ನೇ ರೈಲಿನಲ್ಲಿ ಕಳಿಸುವ ಧೈರ್ಯ ನನಗಿರಲಿಲ್ಲ.

ಗಂಗವ್ವ ಜಗುಲಿಯ ಮೇಲೆ ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಸಣ್ಣ ಆಳು, ಗಟ್ಟಿ ಕಣ್ಣು. ನನ್ನನ್ನು ನೋಡಿ, "ಮಾತ್ರೆ ಕೊಡೋನು ನೀನೇನಾ? ಭಾಳ ಕಹಿ ಕಣಪ್ಪ ನಿನ್ ಮಾತ್ರೆ," ಎಂದು ನಕ್ಕರು. ಇವರು ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ, ನಿಂತುಕೊಂಡೇ ಒಂದೇ ಉಸಿರಿಗೆ ಹೇಳಿಬಿಟ್ಟರು.

"ಅವ್ವ, ಅವತ್ತು ಮಲ್ಲೇಶಿ ಬಾಲ್ ಬ್ಯಾಡ ಅಂದಿದ್ದ. ಎದೆ ನೋಯ್ತದೆ ಅಂದಿದ್ದ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಅದ್ಕೇ ಓಡಿದ, ಅದ್ಕೇ ಹೋದ."

ಗಂಗವ್ವನ ಬೆರಳು ಹುರುಳಿಯ ಮೇಲೆ ನಿಂತಿತು. ಒಂದು ಕಲ್ಲು ಸಿಕ್ಕಿತೇನೋ, ಎತ್ತಿ ಅಂಗಳಕ್ಕೆ ಎಸೆದರು. ಮತ್ತೆ ಆರಿಸತೊಡಗಿದರು. ನಾನು ಕಣ್ಣು ಮುಚ್ಚಿಕೊಳ್ಳಬೇಕೋ, ಓಡಿಹೋಗಬೇಕೋ ತಿಳಿಯದೆ ಕಂಬ ಹಿಡಿದು ನಿಂತಿದ್ದೆ.

"ಬ್ಯಾಡ ಅಂದಿದ್ನಾ?" ಎಂದರು ಕೊನೆಗೆ.

"ಹೂಂ ಅವ್ವ."

"ಅವ್ನು ಎಲ್ಲಕ್ಕೂ ಹಂಗೇ ಅಂತಿದ್ದ ಕಣಪ್ಪ. ಹುಟ್ಟಿದಾಗಿಂದ ಬಾಯಲ್ಲಿ ಬ್ಯಾಡ ಅನ್ನೋದೇ ಮೊದ್ಲು. ಮುದ್ದೆ ಇಕ್ಕಾಕೋದ್ರೆ ಬ್ಯಾಡ ಅನ್ನೋನು. ಇಕ್ಕಿದ್ರೆ ಉಣ್ಣೋನು. ಇಕ್ದೇ ಇದ್ರೆ ಸಿಟ್ ಮಾಡ್ಕಳೋನು. ನೀನು ಕೊಡ್ದೇ ಇದ್ದಿದ್ರೆ ಅವತ್ತು ಅಲ್ಲೇ ಜಗಳ ತೆಗೀತಿದ್ದ ನಿನ್ ಮ್ಯಾಲೆ." ಮೊರ ಪಕ್ಕಕ್ಕಿಟ್ಟು ಕೈ ಚಾಚಿ ಅವರ ಮಂಡಿ ಸವರಿದರು. "ಇದನ್ನ ಇಷ್ಟ್ ದಿನ ಹೊಟ್ಟೇಲಿ ಇಟ್ಕಂಡಿದ್ಯಾ? ಹುಚ್ಚಪ್ಪ. ನಿನ್ನ ಕಾಲು ತಣ್ಣಗಿರ್ಲಿ. ಕೂತ್ಕೋ, ಕಾಫಿ ಕುಡ್ಕಂಡ್ ಹೋಗು."

ಅವರು ಕೂತರು. ಚಿಕ್ಕ ಮಗುವಿನ ಹಾಗೆ ಅತ್ತರು. ನನ್ನ ಕಣ್ಣೂ ಒದ್ದೆಯಾದವು, ಸುಳ್ಳೇಕೆ ಹೇಳಲಿ. ಬೇಡ ಬೇಡ ಎಂದು ಜಗಳವಾಡಿದ್ದ ನನ್ನ ಬುದ್ಧಿಗೆ ನಾನೇ ಚೀಮಾರಿ ಹಾಕಿಕೊಂಡೆ. ಹೊರಡುವಾಗ ಆಕೆ ನನ್ನ ಕೈಗೆ ಒಂದು ಸೋರೆಕಾಯಿ ಕೊಟ್ಟರು.

ಅಜ್ಜಂಪುರ ದಾಟಿದ ಮೇಲೆ ನಾನೇ ಖುಷಿ ತಡೆಯಲಾರದೆ, "ಇನ್ನೇನಣ್ಣ, ಗೆದ್ದುಬಿಟ್ರಿ," ಎಂದೆ.

"ಕಾರ್ ನಿಲ್ಸು."

ನಿಲ್ಲಿಸಿದೆ. ಅವರು ಇಳಿಯಲಿಲ್ಲ. ಮುಂದಿನ ಗಾಜಿನಲ್ಲಿ ರಸ್ತೆ ನೋಡುತ್ತಾ ಕೂತರು.

"ಅಷ್ಟ್ ವರ್ಷ ಒಂದೇ ರೂಮಲ್ಲಿದ್ವಿ ಕಣೋ ನಾವು. ಒಂದೇ ಮೆಸ್ಸು. ಮಲ್ಲೇಶಿ ಯಾವತ್ತೂ ಊಟ ಬ್ಯಾಡ ಅಂದೋನಲ್ಲ. ನನ್ ತಟ್ಟೇದೂ ಎಳ್ಕಂಡ್ ತಿನ್ನೋನು. ಜ್ವರ ಬಂದಾಗ್ಲೂ ತಿನ್ನೋನು. ಕೊಟ್ಟಿದ್ದಕ್ಕೆಲ್ಲ ಕೈ ಒಡ್ಡೋ ಹುಡ್ಗ. ಬ್ಯಾಡ ಅನ್ನೋ ಮಾತು ಅವನ ಬಾಯಲ್ಲಿ ನಾನ್ ಕೇಳಿದ್ದು ಅದೊಂದೇ ಸಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಹೆತ್ತೋಳು, ಮಗನ ಮೇಲೆ ಸುಳ್ ಹೇಳಿದ್ಲಲ್ಲೋ ನನಗೋಸ್ಕರ," ಎಂದರು. "ಉಗಿದಿದ್ರೆ ಮನೆಗೋಗಿ ನಿದ್ದೆ ಮಾಡ್ತಿದ್ದೆ." ಆಮೇಲೆ ನನ್ನ ತೋಳು ಹಿಡಿದು, ಆ ಹಿಡಿತ ಇವತ್ತಿಗೂ ನನಗೆ ನೆನಪಿದೆ, "ನಂಗೆ ಗೊತ್ತಾಯ್ತು ಅಂತ ಅವ್ವನಿಗೆ ಗೊತ್ತಾಗಬಾರ್ದು," ಎಂದರು.

ಆಮೇಲೂ ತಿಂಗಳು ತಪ್ಪದೆ ಹೋದರು. ನಗುನಗುತ್ತಾ ಹೋಗುತ್ತಿದ್ದರಂತೆ. ಆಕೆಯ ಮುಂದೆ ಹಿಂದಕ್ಕೆ ತಿರುಗಿ ನೋಡುವುದನ್ನೂ ಬಿಗಿಹಿಡಿದಿದ್ದರೇನೋ, ಅಲ್ಲಿಂದ ವಾಪಸು ಬಂದು ನನ್ನ ಅಂಗಡಿ ಮೆಟ್ಟಿಲು ಹತ್ತುವಾಗ ಮಾತ್ರ ಮೊದಲಿಗಿಂತ ಹೆಚ್ಚು ನೋಡುತ್ತಿದ್ದರು. ಒಂದೊಂದು ಸಲ ಮೆಟ್ಟಿಲಲ್ಲೇ ನಿಂತುಬಿಡುತ್ತಿದ್ದರು. ನಾನು ಕೈಹಿಡಿದು ಒಳಗೆ ಕರೆತಂದು ಬೆಂಚಿನ ಮೇಲೆ ಕೂರಿಸುತ್ತಿದ್ದೆ. ಹೋದ ವರ್ಷ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿದರು. ಆಡುತ್ತಿರುವ ಫೋಟೋ ಸಿಗದೆ ಯಾವನೋ ಪರದೇಶದ ಆಟಗಾರನ ಮೈಗೆ ಇವರ ಮುಖ ಅಂಟಿಸಿದ್ದರು. ಅವರು ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನಾನು ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತು ಅತ್ತೆ.

ಆ ತಿಂಗಳ ಬೀಪಿ ಮಾತ್ರೆ ತೆಗೆದುಕೊಂಡು ನಾನೇ ಹಳ್ಳಿಗೆ ಹೋದೆ. ಗಂಗವ್ವನಿಗೆ ಸುದ್ದಿ ಮುಟ್ಟಿತ್ತು. ಅತ್ತು ಮುಗಿಸಿದ ಮುಖ. ಜಗುಲಿಯ ಮೇಲೆ ಚಾಪೆ ಹಾಕಿ ಕೂರಿಸಿದರು. ಕೊನೆಗೆ ಏನಾಯಿತು, ನರಳಿದನೇ, ಯಾರಿದ್ದರು ಹತ್ತಿರ ಎಂದೆಲ್ಲ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಮಾತ್ರೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅದನ್ನೇ ಸವರುತ್ತಿದ್ದರು. ಆಮೇಲೆ ತಲೆ ಎತ್ತದೆ ಕೇಳಿದರು:

"ನಾನ್ ಅವತ್ತು ಹೇಳಿದ್ದು, ನಂಬಿದ್ನಾ ಅವ್ನು?"

ಮಾತ್ರೆ ಕಹಿ ಇಲ್ಲ ತಗೊಳ್ಳಿ ಎಂದು ದಿನಕ್ಕೆ ನೂರು ಸಲ ಹೇಳುವವನು ನಾನು. ಆದರೆ ಆವತ್ತಿನಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ.

"ನಂಬಿದ್ರು ಕಣವ್ವ. ದಾರೀಲಿ ಅದೇ ಮಾತು. ಎದೆ ಹಗುರ ಆಯ್ತು ಅಂದ್ರು."

"ಸದ್ಯ," ಎಂದರು ಗಂಗವ್ವ. "ಇಬ್ರೂ ಒಂದೇ ರೂಮಲ್ಲಿ ಉಂಡೋರು. ಎಲ್ಲಿ ಗೊತ್ತಾಗೋಯ್ತದೋ ಅಂತ ಹೆದ್ರಿದ್ದೆ ಕಣಪ್ಪ."